ಹೂಡಬಾರದ ವಾರ

ಭಾನುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ಮಲಗಬೇಕು. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಅಂಜನಾಗೆ ಉಳಿದಿದ್ದ ದೊಡ್ಡ ಆಸೆ ಇದೊಂದೇ. ಬೆಂಗಳೂರಿನ ಬಿಟಿಎಂ ಬಡಾವಣೆಯ ಆ ಬಾಡಿಗೆ ಮನೆಯಲ್ಲಿ ಭಾನುವಾರವೆಂದರೆ ಗಂಡ ನಿಂಗರಾಜನಿಗೆ ರಜೆ, ಮಗಳು ಶ್ವೇತಾಗೆ ರಜೆ. ಆಫೀಸಿನ ಲೆಕ್ಕದಲ್ಲಿ ಅವಳಿಗೂ ರಜೆಯೇ. ಆದರೆ ವಾರವಿಡೀ ಮುಂದಕ್ಕೆ ಹಾಕಿದ ಕೆಲಸಗಳೆಲ್ಲ ಆ ದಿನ ಬಾಗಿಲಲ್ಲಿ ಕ್ಯೂ ನಿಂತಿರುತ್ತಿದ್ದವು. ದೋಸೆಗೆ ರುಬ್ಬುವುದು, ಯೂನಿಫಾರ್ಮು, ಬಚ್ಚಲು ತಿಕ್ಕುವುದು, ಗಂಡನಿಗೆ ಅವತ್ತೇ ನೆನಪಾಗುವ ಎಣ್ಣೆಗಾಯಿ.

"ಒಂದ್ ಭಾನುವಾರ ನಾನೂ ಮಲಗ್ತೀನ್ರೀ."

"ಮಲ್ಕೋ, ಯಾರು ಬ್ಯಾಡ ಅಂದಾರ?" ಎಂದು ನಿಂಗರಾಜ ಪೇಪರಿನ ಹಿಂದಿನಿಂದ ಉದಾರವಾಗಿ ಹೇಳುತ್ತಿದ್ದ. "ಮೊದ್ಲ ಒಂದು ಚಾ ಕೊಡು."

ಆ ಶ್ರಾವಣದಲ್ಲಿ ಗದಗದ ಕಡೆಯ ಹಳ್ಳಿಯಿಂದ ಅವಳ ಅತ್ತೆ ಶಿವವ್ವ ಬಂದರು. ಬಂದ ಮೊದಲ ಸೋಮವಾರವೇ ಮಗನ ಸ್ಕೂಟರಿಗೆ ವಿಭೂತಿ ಬಳಿದು, ಒಂದು ಮೊಳ ಸೇವಂತಿಗೆ ಏರಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತರು. ಸೋಮವಾರ ಬಸವಣ್ಣನ ವಾರ. ಅವರ ಊರಲ್ಲಿ ಅವತ್ತು ಯಾರೂ ಎತ್ತು ಹೂಡುವುದಿಲ್ಲ.

"ಯವ್ವಾ, ಕೀಲಿ ಕೊಡ. ಒಂಬತ್ತೂವರಿಗೆ ಮೀಟಿಂಗ್ ಐತಿ."

"ಆರು ದಿನ ನಿನ್ನ ಹೊತ್ಕೊಂಡು ತಿರಗೈತಿ. ಒಂದಿನ ನಿಂದ್ರಲಿ ಬಿಡು."

"ಅದಕ್ಕ ಪೆಟ್ರೋಲ್ ಹಾಕ್ತೀನಿ ಯವ್ವಾ, ಹುಲ್ಲಲ್ಲ!"

"ಏನರ ಹಾಕು. ದುಡಿಯೂದು ದುಡಿಯೂದ."

"ಎತ್ತಿಗೆ ರಜಾ ಸಿಕ್ತು. ನೀವು ಬಸ್ಸಲ್ಲಿ ಹೋಗಿ ಸಾಹೇಬ್ರೇ" ಎಂದು ಅಂಜನಾ ಡಬ್ಬಿಯನ್ನು ಅವನ ಕೈಗಿತ್ತಳು. ಸಂಜೆ ಅವನು ಅಂಗಿಯ ಒಂದು ಗುಂಡಿಯನ್ನು ಬಸ್ಸಿಗೆ ಬಿಟ್ಟು ಮನೆಗೆ ಬಂದ.

ಮುಂದಿನ ಭಾನುವಾರ ಶಿವವ್ವ ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತು ಬೆಳಗಿನಿಂದ ಸೊಸೆಯ ಓಡಾಟವನ್ನೇ ನೋಡಿದರು.

"ನಿಂಗ್ಯಾ, ಇವತ್ತೇನೋ?"

"ರಜಾ ಯವ್ವಾ. ಊರಿಗೆಲ್ಲ ರಜಾ."

"ಇಕಿಗೆ?"

"ಇಕಿಗೂ ರಜಾನ."

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅಂಜನಾ ಸೋಪಿನ ಕೈಯಲ್ಲೇ ಬಚ್ಚಲಿನಿಂದ ಓಡಿಬಂದಳು.

"ಗಾಡಿಗೆ ಸೋಮವಾರ ಆತು. ನಿನಗ ರವಿವಾರ ಆತು. ಇಕಿಗೆ ಯಾವ ವಾರನೋ?"

ಪೇಪರ್ ಮೆಲ್ಲಗೆ ಕೆಳಗಿಳಿಯಿತು.

"ಬರೂ ರವಿವಾರ ಇಕಿನ್ನ ಹೂಡಂಗಿಲ್ಲ" ಎಂದರು ಶಿವವ್ವ.

ತನ್ನನ್ನು ಎತ್ತಿನ ಸಾಲಿಗೆ ಸೇರಿಸಿದ್ದಕ್ಕೆ ಅಂಜನಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಡ್ತಿ ಸಿಕ್ಕಷ್ಟು ಖುಷಿಯಾಯಿತು.

ಆ ಭಾನುವಾರ ಬಂದೇ ಬಂತು. ಐದೂವರೆಗೆ ಅವಳಿಗೆ ಎಚ್ಚರವಾಯಿತು. ಕಣ್ಣು ಮುಚ್ಚಿದರೆ ನೆನೆಸದ ಯೂನಿಫಾರ್ಮು ಕಾಣುತ್ತಿತ್ತು. ಏಳರ ಹೊತ್ತಿಗೆ ಮಿಕ್ಸಿ ತಿರುಗಿ, "ಅಪ್ಪಾ, ಮುಚ್ಚಳ!" ಎಂದು ಶ್ವೇತಾ ಕಿರುಚಿದ್ದು ಕೇಳಿತು. ಚಟ್ನಿ ಕ್ಯಾಲೆಂಡರಿನವರೆಗೂ ಹಾರಿರಬೇಕು. ಅಂಜನಾ ಎದ್ದು ಬಾಗಿಲು ತೆರೆದಳು. ಹೊಸ್ತಿಲ ಮೇಲೆ ಶಿವವ್ವ ಅಡ್ಡ ಕುಳಿತಿದ್ದರು.

"ಎಲ್ಲಿಗೆ?"

"ಐದೇ ನಿಮಿಷ ಅತ್ತೆ, ಸ್ವಲ್ಪ ಒರೆಸಿ ಬಂದ್ಬಿಡ್ತೀನಿ."

"ನಮ್ಮ ಎತ್ತು ಸೋಮವಾರ ಹಗ್ಗ ಹರಕೊಂಡು ಹೊಲಕ್ಕ ಹೋಗಿದ್ದು ನಾ ಎಂದೂ ಕಂಡಿಲ್ಲ. ಅದಕ್ಕಿರೂ ಬುದ್ಧಿ ನಿನಗಿಲ್ಲೇನು? ಹೋಗು, ಅಡ್ಡಾಗು."

ಅಂಜನಾ ವಾಪಸ್ಸು ಬಂದು ಮಂಚದ ಮೇಲೆ ಕುಳಿತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಿಮಗೆ ಯಾವ ವಾರ ಇತ್ತು ಅತ್ತೆ?"

"ನಾ ಎತ್ತೇನ?" ಎಂದು ಶಿವವ್ವ ನಕ್ಕರು. ನಗು ಅರ್ಧಕ್ಕೇ ನಿಂತಿತು. "ನನ್ನ ಯಾರು ಕೇಳ್ತಿದ್ರವಾ."

ಅಂಜನಾ ಗೋಡೆಯ ಕಡೆಗೆ ಸರಿದು ಜಾಗ ಮಾಡಿದಳು. ಶಿವವ್ವ ಬ್ಯಾಡ ಬ್ಯಾಡ ಎನ್ನುತ್ತಲೇ ಬಂದು, ಸೊಂಟ ಹಿಡಿದುಕೊಂಡು, ಪಕ್ಕದಲ್ಲಿ ಉರುಳಿದರು.

"ಯವ್ವಾ! ಅಂಜನಾ! ಸಾಸಿವಿ ಎಲ್ಲೈತಿ?" ನಿಂಗರಾಜ ಅಡುಗೆಮನೆಯಿಂದ ಕೂಗಿದ.

ಯಾವ ಡಬ್ಬಿಯೆಂದು ಇಬ್ಬರಿಗೂ ಗೊತ್ತಿತ್ತು. ಶಿವವ್ವ ಸೆರಗನ್ನು ಮುಖದ ಮೇಲೆಳೆದುಕೊಂಡರು. ಅಂಜನಾ ಕಣ್ಣು ಮುಚ್ಚಿದಳು. ಗಡಿಯಾರದಲ್ಲಿ ಎಂಟಾಗಲು ಇನ್ನೂ ಅರ್ಧ ಗಂಟೆಯಿತ್ತು.