ನೆಗ್ರೋನಿಗೆ ರಮ್

ಜಿನ್ ಬದಲು ರಮ್ ಹಾಕಿ ನೆಗ್ರೋನಿ ಮಾಡುವ ಯೋಚನೆ ಅಕ್ಕನದು. ಜಿನ್, ವರ್ಮೂತ್ ಎಂಬ ಕೆಂಪು ಸಿಹಿ ವೈನ್, ಕೆಂಪು ಕಹಿಮದ್ಯ ಮೂರನ್ನೂ ಸಮಪಾಲು ಬೆರೆಸಿ, ಐಸಿನ ಮೇಲೆ ಕಲಕಿ, ಕಿತ್ತಳೆ ಸಿಪ್ಪೆ ಹಿಂಡಿ ಕೊಡುವ ಆ ಕಹಿ ಪಾನೀಯಕ್ಕೆ ಅಕ್ಕ-ತಮ್ಮನ ಪುಟ್ಟ ಬಾರಿನಲ್ಲಿ ಕಾಯಂ ಗಿರಾಕಿಗಳಿದ್ದರು. ಹದಿನಾರು ವರ್ಷಗಳಿಂದ ಬೆರೆಸುವವಳು ಅಕ್ಕ. ಬಾಟಲಿ ತರಿಸುವವನು, ಗಿರಾಕಿಗಳ ಜೊತೆ ಹರಟುವವನು ತಮ್ಮ. ರಮ್ಮಿನಲ್ಲಿ ಮೂರು ಬಗೆ ಆಗಬೇಕೆಂದು ಅವಳು ಹಠ ಹಿಡಿದಿದ್ದಳು: ಬಿಳಿ ರಮ್ಮಿನದು, ಕಪ್ಪು ರಮ್ಮಿನದು, ಅನಾನಸ್ ನೆನೆಸಿಟ್ಟ ರಮ್ಮಿನದು.

ಒಂದು ಮಧ್ಯಾಹ್ನ, ಬಾರು ತೆರೆಯುವ ಮುನ್ನ, ಕಪ್ಪು ರಮ್ಮಿನ ಲೋಟವನ್ನು ತಮ್ಮನತ್ತ ತಳ್ಳಿದಳು. ಒಂದೇ ಗುಟುಕಿಗೆ ಅವನ ಹಲ್ಲು ಚುಳ್ಳೆಂದಿತು. ತೆರೆದಿಟ್ಟ ವರ್ಮೂತ್ ಹುಳಿ ಬಂದಿತ್ತು.

"ಹೇಗಿದೆ?" ಎಂದಳು, ಅವನ ಮುಖವನ್ನೇ ನೋಡುತ್ತ.

"ನೀನು ಕುಡಿದು ನೋಡಿದ್ಯಾ?"

"ಹೂಂ. ನಿನಗೆ ಹೇಗನ್ಸುತ್ತೆ ಹೇಳು."

ಕುಡಿದ ಮೇಲೂ ಇದನ್ನು ಕೊಡುತ್ತಾಳೆಂದರೆ ಏನರ್ಥ? ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಯೇ? "ಪರವಾಗಿಲ್ಲ" ಎಂದುಬಿಟ್ಟ. ಅವಳು ಅಳತೆ ಬರೆದಿಡುವ ಪುಟ್ಟ ಪುಸ್ತಕದಲ್ಲಿ ಏನೋ ಗೀಚಿ ಅದನ್ನು ಜೇಬಿಗಿಳಿಸಿದಳು. ಮೊದಲೆಲ್ಲ ಆ ಪುಸ್ತಕ ಕೌಂಟರಿನ ಮೇಲೇ ಬಿದ್ದಿರುತ್ತಿತ್ತು.

ಅಂದಿನಿಂದ ಅವನು ಅವಳ ಮೇಲೆ ಒಂದು ಕಣ್ಣಿಟ್ಟ. ಎರಡು ದಿನದ ಮೇಲೆ, "ಔಷಧಿ ಅಂಗಡಿಗೆ ಹೋಗ್ಬರ್ತೀನಿ" ಎಂದವಳ ಚೀಲದಲ್ಲಿ ಗಾಜು ಕಿಣಿಕಿಣಿ ಅಂದಿತು. ಹಿಂದೆಯೇ ಹೋದ. ಅವಳು ಹೊಕ್ಕದ್ದು ತಿರುವಿನಾಚೆಯ ಬಾರಿಗೆ, ಅದೂ ಹಿಂಬಾಗಿಲಿನಿಂದ. ಅದನ್ನು ನಡೆಸುವ, ಎಲ್ಲರೂ ಮೀಸೆ ಎಂದೇ ಕರೆಯುವವನಿಗೂ ಇವರಿಗೂ ವರ್ಷಗಳಿಂದ ಎಣ್ಣೆ-ಸೀಗೆಕಾಯಿ. ಕಿಟಕಿಯಲ್ಲಿ ಇಣುಕಿದರೆ ಮೀಸೆ ಸಣ್ಣ ಬಾಟಲಿಯಿಂದ ಚೂರು ಚೂರೇ ಚಪ್ಪರಿಸಿ ಏನೋ ಹೇಳುತ್ತಿದ್ದ, ಅಕ್ಕ ಬರೆದುಕೊಳ್ಳುತ್ತಿದ್ದಳು. ತಮ್ಮನ ಮೈಯೆಲ್ಲ ಉರಿದುಹೋಯಿತು. ತನಗೆ ಕೆಟ್ಟದ್ದನ್ನು ಕುಡಿಸಿ, ಒಳ್ಳೆಯದನ್ನು ಇವನ ಕೈಗಿಡುತ್ತಿದ್ದಾಳೆ!

ಮುಖಾಮುಖಿ ಕೇಳಿದರೆ ಮಾತು ತೇಲಿಸುತ್ತಾಳೆ. ಅವಳಿಗೂ ಕೆಟ್ಟದ್ದನ್ನೇ ಕುಡಿಸಿ, ಏನೆನ್ನುತ್ತಾಳೋ ನೋಡಿಯೇಬಿಡೋಣವೆಂದು ಮರುದಿನ ತಾನೇ ಬಿಳಿ ರಮ್ಮಿನದೊಂದು ಬೆರೆಸಿ, ಎರಡು ಚಮಚ ಉಪ್ಪು ಕದಡಿ ಕೊಟ್ಟ.

ಅಕ್ಕ ಕುಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಚೆನ್ನಾಗೇ ಮಾಡಿದೀಯ. ಸಿಹಿ ಒಂಚೂರು ಮುಂದಾಯ್ತು, ಅಲ್ವಾ?"

ಅವಳ ಕಣ್ಣು ಅವನ ಮುಖದಲ್ಲಿ ಉತ್ತರ ಹುಡುಕುತ್ತಿತ್ತು.

"ಅಕ್ಕ, ಅದು ಬರೀ ಉಪ್ಪು."

ಅವಳು ಲೋಟ ಕೆಳಗಿಟ್ಟು ಸ್ಟೂಲ್ ಎಳೆದುಕೊಂಡು ಕೂತಳು. "ಜ್ವರ ಬಂದಿತ್ತಲ್ಲ, ಆವಾಗ್ಲಿಂದ ಹೀಗೆ. ವಾಸನೆನೂ ಇಲ್ಲ, ರುಚಿನೂ ಇಲ್ಲ. ಕಾಫಿ ಕುಡಿದ್ರೂ ಬಿಸಿನೀರು. ವಾಪಸ್ ಬಂದ್ರೂ ಬರಬಹುದು ಅಂತಾರೆ ಡಾಕ್ಟ್ರು."

"ಕಿಟಕೀಲಿ ನೋಡ್ದೆ ನಾನು. ಆ ಮೀಸೆಗೆ ಹೇಳ್ದೆ, ನಂಗೆ ಹೇಳ್ಲಿಲ್ಲ!"

"ನಿಂಗೆ ಹೇಳಿದ್ರೆ ನೀನು ಆವತ್ತೇ ಬಾರಿನ ಬಾಗಿಲು ಹಾಕಿಸಿ ನನ್ನನ್ನ ಹಾಸಿಗೆ ಮೇಲೆ ಕೂರಿಸ್ತಿದ್ದೆ. ಅವನು ನನ್ನ ಜೊತೆಗೇ ಕೆಲಸ ಕಲಿತವನು, ಇದ್ದಿದ್ದನ್ನ ಇದ್ದ ಹಾಗೇ ಹೇಳ್ತಾನೆ. ವರ್ಮೂತ್ ಹುಳಿ ಬಂದಿರೋದು ಅವನು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು. ನೀನು ಪರವಾಗಿಲ್ಲ ಅಂದಿದ್ದೆ."

ಅವನಿಗೆ ತಲೆ ತಗ್ಗಿಸುವಂತಾಯಿತು. ಉಪ್ಪಿನ ಲೋಟವನ್ನು ಸಿಂಕಿಗೆ ಸುರಿದು, ಹೊಸ ವರ್ಮೂತ್ ತೆರೆದು ಅವಳ ಮುಂದಿಟ್ಟ.

ಅವಳು ಬೆರೆಸಿದಳು, ಅವನು ಗುಟುಕರಿಸಿದ. ಅಕ್ಕ ಪುಸ್ತಕ ಹೊರತೆಗೆದಳು. "ಸುಳ್ಳು ಹೇಳ್ಬೇಡ. ಕಹಿ ಎಲ್ಲಿದೆ? ಬಾಯಿಗೆ ಹಾಕ್ಕೊಂಡ ಕೂಡ್ಲೇನಾ, ನುಂಗಿದ ಮೇಲಾ?"

"ಕಹಿ ಸಿಗ್ತಾನೇ ಇಲ್ಲ. ಸಿಹಿ ಮೆತ್ತಿಕೊಂಡಿದೆ."

ವರ್ಮೂತ್ ಅರ್ಧಕ್ಕಿಳಿಸಿದಳು. ಆರನೆಯ ಸಲಕ್ಕೆ ಕಪ್ಪು ರಮ್ಮಿನದು ಹದಕ್ಕೆ ಬಂತು, ಬಿಳಿಯದು ಅದರ ಬೆನ್ನಿಗೇ. ಅನಾನಸಿನದು ಕೆಮ್ಮಿನ ಔಷಧಿಯ ಹಾಗಿದೆ ಎಂದು ಅವನು ನಿಜ ಹೇಳಿದಾಗ ಅವಳು ಅದರ ಪುಟಕ್ಕೆ ಅಡ್ಡಗೆರೆ ಎಳೆದಳು.

ಆ ವಾರವೇ ಎರಡು ಬಗೆ ಬಾರಿನ ಪಟ್ಟಿ ಸೇರಿದವು. ಅಕ್ಕನ ನಾಲಿಗೆಗೆ ರುಚಿ ಇನ್ನೂ ಮರಳಿಲ್ಲ. ಮೀಸೆಯ ಮೇಲಿನ ಅನುಮಾನ ಮಾತ್ರ ತಮ್ಮನಿಗೆ ಪೂರ್ತಿ ಹೋಗಿಲ್ಲ.