ನುಂಗಿಹೋದ ಹಕಾರ

ಭಾನುಪ್ರಿಯಾ ಹಾಸನದ ‘ನೆಲಚರಿತೆ’ ಪತ್ರಿಕೆಗೆ ಸಹಸಂಪಾದಕಿಯಾಗಿ ಕಾಲಿಟ್ಟ ದಿನ, ಸಂಪಾದಕ ವರ್ಧಮಾನರ ಬಿಸಿಯುಸಿರಿಗೆ ಶಾಂತಿಗ್ರಾಮದವರೆಗೂ ಡೈರಿ ಹಾಲು ಒಡೆದುಹೋಯಿತು. ಕೆರೆ, ಕಾಡು, ಹಳೇ ದಾರಿಗಳ ಇತಿಹಾಸ ಅಚ್ಚುಹಾಕುವ ಆ ಪತ್ರಿಕೆಯನ್ನು ಅವರು ಮೂವತ್ತು ವರ್ಷ ಒಬ್ಬರೇ ಆಳಿದ್ದರು.

“ಸಹಸಂಪಾದಕಿ ಅಂದ್ರೆ ಗೊತ್ತೇನಮ್ಮ? ನಾನು ಸಹಿಸ್ಕೊಂಡಿರೋ ಸಂಪಾದಕಿ,” ಎಂದರು. ಕುರ್ಚಿ ತೋರಿಸಲಿಲ್ಲ.

ಅರಕಲಗೂಡಿನ ಹೆಣ್ಣು, ನೋಟದಲ್ಲೇ ಕಗ್ಗಲ್ಲು ಸೀಳುವವಳು! ಕಿಟಕಿಕಟ್ಟೆಯ ಮೇಲೆ ಕೂತೇ ಹೊಳೆನರಸೀಪುರದ ಮೇಷ್ಟ್ರು ಸಿದ್ದೇಶನ ಎರಡು ಪುಟದ ಟಿಪ್ಪಣಿಯನ್ನು ಸಂಚಿಕೆಗೆ ಆರಿಸಿದಳು. ಅದು ವರ್ಧಮಾನರ ಬುಡಕ್ಕಿಟ್ಟ ಕೊಡಲಿ. ಹಿರೀಸಾವೆ ಬಳಿಯ ಆಳ್ಕೆರೆಯನ್ನು ಸಾವಿರ ಆಳುಗಳು, ಅಂದರೆ ಸೈನಿಕರು, ತೋಡಿದರೆಂದು ಬರೆದೇ ಅವರು ಡಾಕ್ಟರೇಟನ್ನೂ ಒಂದು ಲಾರಿ ಶಾಲುಗಳನ್ನೂ ಸಂಪಾದಿಸಿದ್ದರು. ಸಿದ್ದೇಶ ಬರೆದದ್ದಿಷ್ಟೇ: ಈ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಅದು ಹಾಳ್ಕೆರೆ, ಹಾಳುಬಿದ್ದ ಕೆರೆ.

ಇಬ್ಬರೂ ಸಂಪಾದಕರ ಸಹಿಯಿಲ್ಲದೆ ಏನೂ ಅಚ್ಚಿಗೆ ಹೋಗುವಂತಿರಲಿಲ್ಲ.

“ನನ್ ಹೆಣದ ಕೈಲೂ ಇದಕ್ಕೆ ಸಹಿ ಹಾಕ್ಸಕ್ಕಾಗಲ್ಲ!”

“ಊರಿಗೇ ಹೋಗಿ ಕೇಳೋಣ ಬನ್ನಿ ಸಾ. ನೀವು ಕೆರೆ ನೋಡಿದೀರಲ್ವಾ?”

ವರ್ಧಮಾನರ ಕಿವಿ ಕೆಂಡವಾಯಿತು. ನೋಡಿರಲಿಲ್ಲ. “ನಡಿ. ಅವ್ರು ಹಾಳು ಅಂದ್ರೆ ನನ್ನ ಸಹಿ. ಇಲ್ದಿದ್ರೆ ಅಲ್ಲೇ ನಿನ್ನ ರಾಜೀನಾಮೆ.”

“ಆಯ್ತು,” ಎಂದಳು.

ಬಸ್ಸಿನ ಎರಡು ತುದಿಯಲ್ಲಿ ಇಬ್ಬರೂ ಕೂತರು. ನಡುವಿನ ಧಗೆ ತಾಳದೆ ಅರ್ಧ ಬಸ್ಸು ಚನ್ನರಾಯಪಟ್ಟಣದಲ್ಲೇ ಇಳಿದುಹೋಯಿತು.

ಕೆರೆ ಏರಿಯ ಮೇಲೆ ರೇವಮ್ಮ ಎಂಬ ಮುದುಕಿ ಮೇಕೆ ಮೇಯಿಸುತ್ತಿದ್ದಳು.

“ಇದ್ಯಾವ ಕೆರೆ ತಾಯಿ?” ವರ್ಧಮಾನರು ಕೇಳಿದರು.

“ಆಳ್ಕೆರೆ ಕಣಪ್ಪ.”

“ಕೇಳಿಸ್ತಾ? ಆಳು! ಬರಿ ರಾಜೀನಾಮೆ!” ಅವರು ಕುಣಿದ ಕುಣಿತಕ್ಕೆ ಮೇಕೆಗಳು ಹಿರೀಸಾವೆ ದಾಟಿ ಓಡಿದವು.

ಭಾನುಪ್ರಿಯಾ ಮುದುಕಿಯನ್ನೇ ಕೇಳಿದಳು: “ಆ ಹೆಸ್ರು ಯಾಕ್ ಬಂತಜ್ಜಿ?”

ರೇವಮ್ಮ ವರ್ಧಮಾನರ ಮೇಲೇ ಎಗರಿದಳು: “ಕಣ್ ಕಾಣಾಕಿಲ್ವಾ? ಏರಿ ಒಡ್ದೋಗಿ, ನಮ್ಮಜ್ಜಿ ಉಟ್ಟೋಕ್ ಮುಂಚಿಂದ್ಲೂ ಬೊಗಸೆ ನೀರ್ ನಿಂತಿಲ್ಲ. ಆಳಾಗೋಗಿರೋದ್ನ ಆಳು ಅನ್ದೆ ಇನ್ನೇನ್ಲಾ ಅನ್ಲಿ? ಓದ್ದೋನಂಗ್ ಕಾಣ್ತೀಯ, ಥೂ!”

ವರ್ಧಮಾನರು ಬಿರುಕುಬಿಟ್ಟ ಕೆರೆಯಂಗಳವನ್ನೇ ನೋಡುತ್ತ ನಿಂತರು. ಆಮೇಲೆ ಟಿಪ್ಪಣಿಯನ್ನು ಕಿತ್ತುಕೊಂಡು, ಕಾಗದ ತೂತಾಗುವಂತೆ ಸಹಿ ಗೀಚಿದರು.

“ಇದೇ ಸಂಚಿಕೇಲಿ ನನ್ನ ಉತ್ತರಾನೂ ಬರ್ಬೇಕು. ಮೂವತ್ತು ಪುಟ!”

“ಮೂರು.”

“ಹದಿನೈದು!”

“ಮೂರು ಸಾ, ಅಡಿಟಿಪ್ಪಣೀನೂ ಸೇರಿ. ಸೋಮವಾರ ಕೊಡಿ, ತಿದ್ತೀನಿ.”