ಉಸಿರು ಎಣಿಸುವ ಕೆಲಸ

ರಜೆಯಲ್ಲಿ ದೊಡ್ಡಾಸ್ಪತ್ರೆಯ ಶಿಬಿರಕ್ಕೆ ಸೇರಿದರೆ ಗಾಜಿನಾಚೆಯಿಂದ ಶಸ್ತ್ರಚಿಕಿತ್ಸೆ ನೋಡಬಹುದಿತ್ತು, ಪ್ರಮಾಣಪತ್ರವೂ ಸಿಗುತ್ತಿತ್ತು. ಡಾಕ್ಟರಾಗುವ ಹಂಬಲದ ಹೈಸ್ಕೂಲು ಹುಡುಗಿ ಸಂಜೆಯೊಳಗೆ ಅರ್ಜಿ ಕೊಡಬೇಕಿತ್ತು. ಅದಕ್ಕೂ ಮೊದಲು ನರ್ಸ್ ಚಿಕ್ಕಮ್ಮ ಅವಳನ್ನು ತಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ಕರೆದೊಯ್ದು, ರೋಗಿಗಳ ಉಸಿರು ಎಣಿಸಲು ಕೈಗಡಿಯಾರ ಕೊಟ್ಟಳು.

“ತಾತ, ನಿಮ್ಮ ಉಸಿರು ಎಣಿಸ್ತೀನಿ,” ಎಂದಳು ಹುಡುಗಿ, ಸರದಿಯಲ್ಲಿ ಕೂತಿದ್ದ ಮುದುಕನೊಬ್ಬನಿಗೆ. ಮುದುಕ ಪರೀಕ್ಷೆಗೆ ಕೂತವನಂತೆ ನಿಧಾನವಾಗಿ ಉಸಿರೆಳೆದ. ನಿಮಿಷಕ್ಕೆ ಹದಿನಾಲ್ಕು.

“ಹೇಳಿ ಎಣಿಸಿದ್ರೆ ಲೆಕ್ಕ ಕೆಡುತ್ತೆ ಕಣೇ, ಜಾಣೆ,” ಚಿಕ್ಕಮ್ಮ ಅವಳ ಕಿವಿಯಲ್ಲಿ ಪಿಸುಗುಟ್ಟಿ ನಕ್ಕಳು. “ನಾಡಿ ನೋಡೋ ಹಾಗೆ ಕೈ ಹಿಡ್ಕೊ. ಕಣ್ಣು ಎದೆ ಮೇಲಿರ್ಲಿ.”

ಹುಡುಗಿ ಮಣಿಕಟ್ಟು ಹಿಡಿದಳು. ತಾತ ಕಿಟಕಿಯತ್ತ ನೋಡುತ್ತ ಉಸಿರಿನ ಮಾತೇ ಮರೆತ.

“ಇಪ್ಪತ್ತೆಂಟು.”

ಇಪ್ಪತ್ತು ದಾಟಬಾರದ ಲೆಕ್ಕ ಅದು; ಚಿಕ್ಕಮ್ಮನ ನಗು ನಿಂತಿತು. ಸರದಿಗೆ ಕಾಯಿಸದೆ ತಾತನನ್ನು ನೇರ ಡಾಕ್ಟರ ಬಳಿ ಕರೆದೊಯ್ದಳು.

ಸಂಜೆಯಾದರೂ ಅರ್ಜಿ ಚೀಲದಲ್ಲೇ ಇತ್ತು.

“ನಾಳೆ ಎಷ್ಟು ಗಂಟೆಗೆ ಬರ್ಲಿ, ಚಿಕ್ಕಮ್ಮ?”

“ಎಂಟಕ್ಕೆ. ಸರ್ಟಿಫಿಕೇಟು ಗಿರ್ಟಿಫಿಕೇಟು ಸಿಗಲ್ಲ ಮತ್ತೆ!”

“ಬೇಡ ಬಿಡು. ಗಡಿಯಾರ ನನ್ನ ಹತ್ರಾನೇ ಇರ್ಲಿ.”